ಹ್ಯಾಮ್ ರೇಡಿಯೊ: ಬಾಯಿಗೆ ಕ್ಯೂ ಕೋಡು, ತಾರಸಿಗೆ ತಂತಿ

ಬೆಳಗಿನ ಹೊತ್ತು 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊದ ಗುಂಡಿ ತಿರುಗಿಸುತ್ತ ಹೋದರೆ ಸುಮಾರಾಗಿ ಇಂಥ ಮಾತು ಕಿವಿಗೆ ಬೀಳುತ್ತದೆ:

"ಗುಡ್ ಮಾರ್ನಿಂಗ್ ಸರ್. ನಿಮ್ಮ ಸಿಗ್ನಲ್ ಇಲ್ಲಿ ಫೈವ್ ಸೆವೆನ್, ಮಧ್ಯೆ ಮಧ್ಯೆ ಕ್ಯೂಎಸ್‌ಬಿ ಇದೆ. ನನ್ನ ಕ್ಯೂಟಿಎಚ್ ಸಾಗರದ ಹತ್ತಿರ ಒಂದು ಹಳ್ಳಿ. ರಿಗ್ ಹೋಂಬ್ರೂ, ಪವರ್ ಹತ್ತು ವಾಟ್, ಆಂಟೆನಾ ಇನ್ವರ್ಟೆಡ್ ವಿ. ಪಕ್ಕದಲ್ಲಿ ಯಾರೋ ಟ್ಯೂನ್ ಮಾಡ್ತಿದಾರೆ, ಕ್ಯೂಆರ್‌ಎಂ ಜಾಸ್ತಿ. ಕಾಪಿ ಆಯ್ತಾ? ಬ್ಯಾಕ್ ಟು ಯು."

ಹೊಸಬರಿಗೆ ಇದರಲ್ಲಿ ಅರ್ಧ ಕನ್ನಡ, ಅರ್ಧ ಮಂತ್ರ. ಹ್ಯಾಮ್ ರೇಡಿಯೊ ಕಡೆಗೆ ಮನಸ್ಸು ವಾಲಿದವರಲ್ಲಿ ಬಹಳ ಮಂದಿ ಎಡವುವುದು ಎರಡೇ ಕಡೆ. ಒಂದು, ಈ ಮಂತ್ರದ ಭಾಗ. ಇನ್ನೊಂದು, ಆಂಟೆನಾ. ಮೊದಲನೆಯದು ಹದಿನೈದು ದಿನ ಕಿವಿಗೊಟ್ಟು ಕೇಳಿದರೆ ತಾನಾಗಿ ಬರುತ್ತದೆ. ಎರಡನೆಯದಕ್ಕೆ ಕೈ ಕೊಳೆ ಮಾಡಿಕೊಳ್ಳಬೇಕು. ರೇಡಿಯೊ ಡಬ್ಬಿಯನ್ನು ದುಡ್ಡು ಕೊಟ್ಟು ತರಬಹುದು. ಒಳ್ಳೆಯ ಆಂಟೆನಾ ಮಾತ್ರ ನಿಮ್ಮ ಮನೆ, ನಿಮ್ಮ ಸೈಟು, ನಿಮ್ಮ ಮರ ನೋಡಿಕೊಂಡೇ ಹುಟ್ಟಬೇಕು. ಆದ್ದರಿಂದ ಈ ಲೇಖನದಲ್ಲಿ ಮಾತಿಗಿಂತ ತಂತಿಗೆ ಹೆಚ್ಚು ಜಾಗ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಪ್ರಸಾರ ಮಾಡಲು ಲೈಸೆನ್ಸ್ ಬೇಕೇ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆ ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ರಿಸ್ಟ್ರಿಕ್ಟೆಡ್, ಜನರಲ್ ಎಂದು ಎರಡು ದರ್ಜೆ. ಎರಡಕ್ಕೂ ರೇಡಿಯೊ ವಿಜ್ಞಾನ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಇದೆ. ಜನರಲ್ ದರ್ಜೆಗೆ ಮೋರ್ಸ್ ಕೂಡ. ಸಾಮಾನ್ಯವಾಗಿ ರಿಸ್ಟ್ರಿಕ್ಟೆಡ್‌ನವರ ಕರೆ ಹೆಸರು ವಿಯು3 ಎಂದೂ ಜನರಲ್‌ನವರದು ವಿಯು2 ಎಂದೂ ಶುರುವಾಗುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ವಾಕಿಟಾಕಿ ತರಿಸಿ ಗುಂಡಿ ಒತ್ತಿ ಮಾತಾಡುವುದು ಹವ್ಯಾಸವಲ್ಲ, ಅಪರಾಧ.

ಕೇಳುವುದಕ್ಕೆ ಮಾತ್ರ ಇವತ್ತೇ ಕೂರಬಹುದು. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್‌ನಂಥ ರಿಸೀವರ್‌ಗಳನ್ನು ಇಂಟರ್‌ನೆಟ್ ಮೂಲಕ ಮೊಬೈಲಿನಲ್ಲೇ ತಿರುಗಿಸಬಹುದು. ಒಂದು ಸೂಚನೆ: 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಬ್ಯಾಂಡುಗಳಲ್ಲಿ ಧ್ವನಿ ಲೋಯರ್ ಸೈಡ್‌ಬ್ಯಾಂಡಿನಲ್ಲಿ, ಮೇಲಿನವುಗಳಲ್ಲಿ ಅಪ್ಪರ್ ಸೈಡ್‌ಬ್ಯಾಂಡಿನಲ್ಲಿ ಇರುವುದು ರೂಢಿ. ಮನುಷ್ಯರ ಮಾತು ಬಾತುಕೋಳಿಯ ಕೂಗಿನಂತೆ ಕೇಳಿದರೆ ನೀವು ತಪ್ಪು ಸೈಡ್‌ಬ್ಯಾಂಡಿನಲ್ಲಿದ್ದೀರಿ, ಅಷ್ಟೇ.

ಮೂರಕ್ಷರದ ಮಾತು

ಕ್ಯೂ ಅಕ್ಷರದಿಂದ ಶುರುವಾಗುವ ಈ ಸಂಕೇತಗಳು ಹುಟ್ಟಿದ್ದು ಹ್ಯಾಮ್‌ಗಳಿಗಾಗಿ ಅಲ್ಲ, ಹಡಗುಗಳಿಗಾಗಿ. ಬ್ರಿಟಿಷ್ ಸರ್ಕಾರ 1909ರ ಸುಮಾರಿಗೆ ತನ್ನ ಹಡಗುಗಳಿಗೂ ಕರಾವಳಿ ನಿಲ್ದಾಣಗಳಿಗೂ ಒಂದು ಪಟ್ಟಿ ಮಾಡಿಕೊಟ್ಟಿತು. ಟೈಟಾನಿಕ್ ಮುಳುಗಿದ ಕೆಲವೇ ತಿಂಗಳಲ್ಲಿ, 1912ರಲ್ಲಿ, ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನ ಅದನ್ನು ಎಲ್ಲ ದೇಶಗಳಿಗೂ ಅನ್ವಯಿಸಿತು. ಒಂದೊಂದು ಅಕ್ಷರವನ್ನೂ ಕಟ್ಟ ಕಡ ಎಂದು ಬಡಿಯಬೇಕಾದ ಮೋರ್ಸ್‌ನಲ್ಲಿ "ನಿಮ್ಮ ಸಂದೇಶ ತಲುಪಿತು" ಎನ್ನುವ ಬದಲು ಮೂರಕ್ಷರ ಸಾಕಾದರೆ ಅದೆಷ್ಟು ಉಳಿತಾಯ! ರಷ್ಯನ್ನನೂ ಬ್ರೆಜಿಲಿನವನೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆಯೂ ಮಾತು ಮುಗಿಸಬಲ್ಲರು.

ಪಟ್ಟಿ ದೊಡ್ಡದಿದೆ, ಬಳಕೆಯಲ್ಲಿರುವುದು ಹತ್ತು ಹನ್ನೆರಡು. ಕ್ಯೂಟಿಎಚ್ ಎಂದರೆ ಇರುವ ಊರು. ಕ್ಯೂಎಸ್‌ಎಲ್ ಎಂದರೆ ತಲುಪಿತು, ಖಚಿತ. ಸಂಪರ್ಕ ಆದದ್ದಕ್ಕೆ ಸಾಕ್ಷಿಯಾಗಿ ಅಂಚೆಯಲ್ಲಿ ಕಳಿಸುವ ಬಣ್ಣದ ಕಾರ್ಡಿಗೂ ಅದೇ ಹೆಸರು. ಕ್ಯೂಎಸ್‌ಓ ಎಂದರೆ ಸಂಭಾಷಣೆ. ಕ್ಯೂಆರ್‌ಎಂ, ಕ್ಯೂಆರ್‌ಎನ್ ಎರಡೂ ಅಡಚಣೆಗಳೇ. ಮೊದಲನೆಯದು ಬೇರೆ ನಿಲ್ದಾಣದವರು ಮಾಡಿದ್ದು, ಎರಡನೆಯದು ಗುಡುಗು ಮಿಂಚಿನಂಥ ಪ್ರಕೃತಿ ಮಾಡಿದ್ದು. ಏಪ್ರಿಲ್-ಮೇ ತಿಂಗಳ ಸಂಜೆ 40 ಮೀಟರ್ ಬ್ಯಾಂಡಿನಲ್ಲಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಕೇಳುತ್ತದಲ್ಲ, ಅದು ಕ್ಯೂಆರ್‌ಎನ್. ಸಿಗ್ನಲ್ ಏರಿ ಇಳಿಯುತ್ತಿದ್ದರೆ ಕ್ಯೂಎಸ್‌ಬಿ. ಫ್ರೀಕ್ವೆನ್ಸಿ ಬದಲಿಸೋಣ ಎನ್ನಲು ಕ್ಯೂಎಸ್‌ವೈ, ಸ್ವಲ್ಪ ತಡೆಯಿರಿ ಎನ್ನಲು ಕ್ಯೂಆರ್‌ಎಕ್ಸ್, ಅಂಗಡಿ ಮುಚ್ಚುತ್ತಿದ್ದೇನೆ ಎನ್ನಲು ಕ್ಯೂಆರ್‌ಟಿ. ಐದು ವಾಟ್ ಅಥವಾ ಅದಕ್ಕೂ ಕಡಿಮೆ ಶಕ್ತಿಯಲ್ಲಿ ಮಾತಾಡುವ ಹಟಮಾರಿಗಳ ಪಂಥ ಕ್ಯೂಆರ್‌ಪಿ.

ಇವುಗಳಲ್ಲಿ ಹೊಸಬರು ತಪ್ಪಾಗಿ ಬಳಸುವುದು ಕ್ಯೂಆರ್‌ಝಡ್. "ಯಾರಾದರೂ ಇದ್ದೀರಾ" ಎಂಬ ಅರ್ಥದಲ್ಲಿ ಕೂಗುತ್ತಾರೆ. ಅದರ ಅರ್ಥ "ನನ್ನನ್ನು ಕರೆಯುತ್ತಿರುವವರು ಯಾರು" ಎಂದು. ಯಾರೋ ಕರೆದದ್ದು ಅಸ್ಪಷ್ಟವಾಗಿ ಕೇಳಿದಾಗ ಮಾತ್ರ ಹೇಳಬೇಕಾದ್ದು. ಯಾರಾದರೂ ಸಿಗಲಿ ಎಂದು ಕರೆಯುವುದಕ್ಕೆ ಸಿಕ್ಯೂ ಇದೆ.

ಸಿಕ್ಯೂ ಕೂಗುವ ಮುಂಚೆ ಅರ್ಧ ನಿಮಿಷವಾದರೂ ಸುಮ್ಮನೆ ಕೇಳಿ, ಆಮೇಲೆ ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ ಎಂದು ಕೇಳಿ. ಇಬ್ಬರು ಮಾತಾಡುತ್ತಿದ್ದು, ಈಗ ಮಾತಾಡುತ್ತಿರುವವರ ಸಿಗ್ನಲ್ ನಿಮಗೆ ತಲುಪದಿದ್ದರೆ ಜಾಗ ಖಾಲಿಯಿದ್ದಂತೆಯೇ ಕಾಣುತ್ತದೆ. ಕೇಳದೆ ನುಗ್ಗುವವರಿಗೆ ಹ್ಯಾಮ್‌ಗಳಲ್ಲಿ "ಲಿಡ್" ಎಂಬ ಬೈಗುಳವಿದೆ. ಆ ಬಿರುದು ಒಮ್ಮೆ ಅಂಟಿದರೆ ಬೇಗ ಹೋಗುವುದಿಲ್ಲ.

ಇನ್ನು ಫೈವ್ ಸೆವೆನ್, ಫೈವ್ ನೈನ್ ಎನ್ನುವ ಸಿಗ್ನಲ್ ವರದಿ. ಮೊದಲ ಅಂಕಿ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದಕ್ಕೆ, 1ರಿಂದ 5ರವರೆಗೆ. ಎರಡನೆಯದು ಸಿಗ್ನಲ್ಲಿನ ಬಲಕ್ಕೆ, 1ರಿಂದ 9ರವರೆಗೆ. ಮೋರ್ಸ್ ಆದರೆ ನಾದದ ಶುದ್ಧತೆಗೆ ಮೂರನೆಯ ಅಂಕಿಯೂ ಇರುತ್ತದೆ. ಸ್ಪರ್ಧೆಗಳಲ್ಲಿ ಎಲ್ಲರೂ ಎಲ್ಲರಿಗೂ ಫೈವ್ ನೈನ್ ಕೊಡುತ್ತಾರೆ; "ಯು ಆರ್ ಫೈವ್ ನೈನ್, ನಿಮ್ಮ ಕಾಲ್‌ಸೈನ್ ಇನ್ನೊಂದು ಸಲ ಹೇಳಿ" ಎಂದು ಅದೇ ಉಸಿರಿನಲ್ಲಿ ಕೇಳುವವರೂ ಉಂಟು. ನೀವು ಮಾತ್ರ ಕೇಳಿದ್ದನ್ನು ಕೇಳಿದ ಹಾಗೆ ಹೇಳಿ. ಆಂಟೆನಾ ಬದಲಿಸಿ ಪರೀಕ್ಷಿಸುತ್ತಿರುವವರಿಗೆ ಪ್ರಾಮಾಣಿಕ ವರದಿಗಿಂತ ದೊಡ್ಡ ಉಪಕಾರವಿಲ್ಲ.

ಈ ಎರಡನೆಯ ಅಂಕಿಯ ಹಿಂದೆ ಒಂದು ಲೆಕ್ಕವಿದೆ, ಜೇಬಿಗೆ ಸಂಬಂಧಿಸಿದ್ದು. ಎಸ್-ಮೀಟರಿನ ಒಂದು ಮೆಟ್ಟಿಲು ಎಂದರೆ 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಶಕ್ತಿ. 100 ವಾಟ್‌ನಿಂದ 400 ವಾಟ್‌ಗೆ ಏರಿದರೆ ಆ ತುದಿಯಲ್ಲಿ ಮುಳ್ಳು ಸರಿಯುವುದು ಒಂದೇ ಮೆಟ್ಟಿಲು. 100 ವಾಟ್‌ನಿಂದ 5 ವಾಟ್‌ಗೆ ಇಳಿದರೆ ಕಳೆದುಕೊಳ್ಳುವುದು ಎರಡು ಮೆಟ್ಟಿಲಿಗಿಂತ ಸ್ವಲ್ಪ ಹೆಚ್ಚು. ದುಬಾರಿ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಇದನ್ನು ಎರಡು ಸಲ ಓದಲಿ. ಆಂಪ್ಲಿಫೈಯರ್ ನಿಮ್ಮ ಮಾತನ್ನಷ್ಟೇ ದೊಡ್ಡದು ಮಾಡುತ್ತದೆ. ಒಳ್ಳೆಯ ಆಂಟೆನಾ ಎದುರಿನವರ ಮಾತನ್ನೂ ನಿಮಗೆ ತಂದುಕೊಡುತ್ತದೆ. ಹೈದರಾಬಾದಿನ ಆಶರ್ ಫರ್ಹಾನ್ 2003ರಲ್ಲಿ ರೂಪಿಸಿದ ಬಿಟ್‌ಎಕ್ಸ್ ರೇಡಿಯೊದ ಕಾಯಿಲ್‌ಗೆ ಕೊಳಾಯಿಯ ವಾಷರ್ ಬಳಸಿದ್ದರು, ಅದರ ಶಕ್ತಿ ಕೆಲವೇ ವಾಟ್. ಅಂಥ ಮನೆಯಲ್ಲೇ ಕಟ್ಟಿದ ರಿಗ್ ಹಿಡಿದು ಸಮುದ್ರ ದಾಟಿದವರು ಬೇಕಾದಷ್ಟು ಜನ ಇದ್ದಾರೆ. ಹೋಂಬ್ರೂ ಎನ್ನುವುದು ಇಂಥದ್ದಕ್ಕೇ.

ಉಳಿದ ಪದಗಳನ್ನು ಬೇಗ ಮುಗಿಸೋಣ. ದೂರದ ದೇಶದ ಸಂಪರ್ಕ ಡಿಎಕ್ಸ್. ಅಪರೂಪದ ಜಾಗದಿಂದ ಒಬ್ಬರು ಮಾತಾಡಿದಾಗ ನೂರಾರು ಜನ ಒಟ್ಟಿಗೆ ಮುಗಿಬೀಳುವುದು ಪೈಲಪ್. ಅಂಥ ಜಾಗ ಹುಡುಕಿಕೊಂಡು ರೇಡಿಯೊ ಹೊತ್ತು ಹೋಗುವುದು ಡಿಎಕ್ಸ್‌ಪೆಡಿಷನ್. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿಗೆ ಹೋದದ್ದು ಇದಕ್ಕೇ. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿ ಫೋನುಗಳು ಸತ್ತಾಗ ಅದೇ ರೇಡಿಯೊ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ರೇಡಿಯೊ ಇಟ್ಟ ಕೋಣೆ ಶ್ಯಾಕ್, ಅದು ಮಂಚದ ಪಕ್ಕದ ಸ್ಟೂಲೇ ಆಗಿದ್ದರೂ. ಮುಖಾಮುಖಿ ಭೇಟಿ ಐಬಾಲ್. ಗಂಡಸು ಹ್ಯಾಮ್‌ಗಳು ಎಂಥ ಎಳೆಯರಾದರೂ ಓಎಂ, ಹೆಂಗಸರು ಎಷ್ಟೇ ಹಿರಿಯರಾದರೂ ವೈಎಲ್. ನಮ್ಮ ಕಡೆ ಮಾತ್ರ ಇದೆಲ್ಲಕ್ಕಿಂತ "ಸರ್", "ಮೇಡಂ" ಹೆಚ್ಚು ಓಡುತ್ತದೆ. ತೀರಿಕೊಂಡವರು ಸೈಲೆಂಟ್ ಕೀ. ಬೀಳ್ಕೊಡುವಾಗ ಸೆವೆಂಟಿ ಥ್ರೀ. ಅದು ಆಗಲೇ "ಶುಭಾಶಯಗಳು" ಆದ್ದರಿಂದ ಸೆವೆಂಟಿ ಥ್ರೀಸ್ ಎನ್ನುವ ಅಗತ್ಯವಿಲ್ಲ. ಏಯ್ಟಿ ಏಯ್ಟ್ ಎಂದರೆ ಪ್ರೀತಿ, ಮುತ್ತು. ಯಾರಿಗೆ ಹೇಳುತ್ತಿದ್ದೀರಿ ನೋಡಿಕೊಂಡು ಹೇಳಿ.

ಕರೆ ಹೆಸರನ್ನು ಆಲ್ಫಾ, ಬ್ರಾವೊ, ಚಾರ್ಲಿ ಕ್ರಮದಲ್ಲೇ ಬಿಡಿಸಿ ಹೇಳುವುದು ಕಲಿಯಿರಿ. ಬಿ, ಡಿ, ಪಿ, ಟಿ ಇವು ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ಭಾರತದ ವಿಯು ಎಂಬುದು "ವಿಕ್ಟರ್ ಯೂನಿಫಾರ್ಮ್" ಆಗುತ್ತದೆ. ಲಾಗ್ ಪುಸ್ತಕದಲ್ಲಿ ಸಮಯವನ್ನು ಯುಟಿಸಿ ಲೆಕ್ಕದಲ್ಲಿ ಬರೆಯುವುದು ವಾಡಿಕೆ; ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು. ಬೆಳಿಗ್ಗೆ ಐದು ಗಂಟೆಯ ಸಂಪರ್ಕಕ್ಕೆ ಹಿಂದಿನ ದಿನದ ತಾರೀಕು ಬೀಳುತ್ತದೆ, ಮರೆಯಬೇಡಿ.

ಮಾತಿನ ಬಗ್ಗೆ ಕೊನೆಯದಾಗಿ ನನ್ನ ಅಭಿಪ್ರಾಯ: ಮೋರ್ಸ್‌ನಲ್ಲಿ ಸಂಕೇತ ಅನಿವಾರ್ಯ, ಬಾಯಿಮಾತಿನಲ್ಲಿ ಅದು ಒಗ್ಗರಣೆಯಷ್ಟಿರಲಿ. ಇಬ್ಬರು ಕನ್ನಡಿಗರು ಕನ್ನಡದಲ್ಲಿ ಮಾತಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ವ್ಯಾಪಾರ, ಸಂಗೀತ ಪ್ರಸಾರ, ಗುಟ್ಟಿನ ಸಂಕೇತ ಭಾಷೆ ಇವು ಮಾತ್ರ ಸಲ್ಲವು.

ತಂತಿಯ ಲೆಕ್ಕ

ರೇಡಿಯೊ ತರಂಗದ ಉದ್ದ ಮೀಟರ್ ಲೆಕ್ಕದಲ್ಲಿ ಬೇಕೆಂದರೆ 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1 ಮೆಗಾಹರ್ಟ್ಸ್ ಆದರೆ 42 ಮೀಟರ್‌ಗೆ ಹತ್ತಿರ; 40 ಮೀಟರ್ ಬ್ಯಾಂಡ್ ಎನ್ನುವುದು ಅದಕ್ಕೇ. ಆ ಉದ್ದದ ಅರ್ಧದಷ್ಟು ತಂತಿಯನ್ನು ಮಧ್ಯದಲ್ಲಿ ಕತ್ತರಿಸಿ, ಎರಡು ಕಾಲುಗಳಿಗೂ ಕೇಬಲಿನ ಎರಡು ವಾಹಕಗಳನ್ನು ಕೊಟ್ಟರೆ ಡೈಪೋಲ್ ಆಯಿತು. ನೂರು ವರ್ಷ ಹಳೆಯ ಈ ಆಂಟೆನಾವನ್ನು ಸೋಲಿಸಲು ಇವತ್ತಿಗೂ ಬಹಳ ಖರ್ಚು ಮಾಡಬೇಕು.

ನಿಜವಾದ ತಂತಿಯಲ್ಲಿ ಲೆಕ್ಕಕ್ಕಿಂತ ಕೊಂಚ ಗಿಡ್ಡ ಬೇಕಾಗುತ್ತದೆ. ಅರ್ಧ ತರಂಗದ ಡೈಪೋಲ್‌ಗೆ ಹ್ಯಾಮ್‌ಗಳ ಸೂತ್ರ: 142.6 ಭಾಗಿಸು ಮೆಗಾಹರ್ಟ್ಸ್. 7.1ಕ್ಕೆ ಒಟ್ಟು 20 ಮೀಟರ್, ಅಂದರೆ ಕಾಲಿಗೆ ಹತ್ತತ್ತು. 14.2ಕ್ಕೆ ಒಟ್ಟು 10 ಮೀಟರ್. ಮನೆ ವೈರಿಂಗಿನ ಪಿವಿಸಿ ಹೊದಿಕೆಯ ವೈರ್ ಬಳಸಿದರೆ ಇನ್ನೂ ಎರಡು ಮೂರು ಶೇಕಡ ಕಡಿಮೆ ಸಾಕಾಗಬಹುದು. ಆದರೆ ಮೊದಲೇ ಕಡಿಮೆ ಕತ್ತರಿಸಬೇಡಿ. ಕತ್ತರಿಸಿದ ವೈರ್ ಬೆಳೆಯುವುದಿಲ್ಲ.

ಹಾಗಾದರೆ ಮಾಡುವುದು ಹೇಗೆ? ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರ್ ತೆಗೆದುಕೊಳ್ಳಿ. ಕಾಲಿಗೆ 10.3 ಮೀಟರಿನಂತೆ ಎರಡು ತುಂಡು. ಮಧ್ಯಕ್ಕೆ ಗೇಣುದ್ದದ ಪಿವಿಸಿ ಪೈಪಿನ ತುಂಡಿಗೆ ತೂತು ಕೊರೆದು, ಎಳೆತ ಪೂರ್ತಿ ಪೈಪಿನ ಮೇಲೆ ಬೀಳುವಂತೆ ವೈರನ್ನು ಎರಡು ಸಲ ಹಾಯಿಸಿ ಗಂಟು ಹಾಕಿ. ಬೆಸುಗೆಯ ಮೇಲೆ ಎಳೆತ ಬೀಳಬಾರದು. ಕೋಆಕ್ಸ್ ಕೇಬಲಿನ ನಡುತಂತಿ ಒಂದು ಕಾಲಿಗೆ, ಹೊರ ಜಾಲರಿ ಇನ್ನೊಂದಕ್ಕೆ. ತುದಿಗಳಲ್ಲೂ ಪೈಪಿನ ಸಣ್ಣ ತುಂಡು, ಅಲ್ಲಿಂದ ಆಚೆಗೆ ನೈಲಾನ್ ಹಗ್ಗ. ಹೆಚ್ಚುವರಿ ವೈರನ್ನು ತುದಿಯಲ್ಲಿ ಹಿಂದಕ್ಕೆ ಮಡಿಸಿ ತನ್ನ ಮೇಲೇ ಬಿಗಿಯಾಗಿ ಸುತ್ತಿಬಿಡಿ. ಮಡಿಸಿದ ಭಾಗ ವಿದ್ಯುತ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಲ್ಲದ ಹಾಗೆ.

ಮೇಲೇರಿಸಿ, ಎಸ್‌ಡಬ್ಲ್ಯೂಆರ್ ಅಳೆಯಿರಿ. ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ಈ ಅಳತೆ ಹೇಳುತ್ತದೆ. ಕೈಯಗಲದ ನ್ಯಾನೊವಿಎನ್‌ಎ ಎಂಬ ಉಪಕರಣ ಇದ್ದರೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಇಲ್ಲದಿದ್ದರೆ ರಿಗ್‌ನ ಮೀಟರಿನಲ್ಲೇ ಕಡಿಮೆ ಶಕ್ತಿ ಇಟ್ಟು ನೋಡಬಹುದು, ಆದರೆ ಲೈಸೆನ್ಸ್ ಇರುವ ಬ್ಯಾಂಡಿನೊಳಗೆ ಮಾತ್ರ. ಉಪಕರಣದಲ್ಲಿ ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇರುವ ಜಾಗ 6.9 ಮೆಗಾಹರ್ಟ್ಸ್ ಎಂದು ಬಂತು ಎನ್ನೋಣ. ಆಂಟೆನಾ ಉದ್ದವಾಗಿದೆ ಎಂದರ್ಥ. ಈಗಿನ ಉದ್ದವನ್ನು ಈಗಿನ ಫ್ರೀಕ್ವೆನ್ಸಿಯಿಂದ ಗುಣಿಸಿ ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಿ: 10.3 ಗುಣಿಸು 6.9, ಭಾಗಿಸು 7.1. ಉತ್ತರ 10.01 ಮೀಟರ್. ಪ್ರತಿ ಕಾಲಿನಿಂದ 29 ಸೆಂಟಿಮೀಟರ್ ಮಡಿಸಬೇಕು. ಎರಡೂ ಕಡೆ ಸಮ ಇರಲಿ. ಮತ್ತೆ ಏರಿಸಿ, ಮತ್ತೆ ಅಳೆಯಿರಿ. ಭಾರತದಲ್ಲಿ ಈ ಬ್ಯಾಂಡು 7.0ರಿಂದ 7.2 ಮೆಗಾಹರ್ಟ್ಸ್ ಇರುವುದರಿಂದ ನಡುವಿನ 7.1ಕ್ಕೆ ಕೂರಿಸಿದರೆ ಇಡೀ ಬ್ಯಾಂಡಿಗೆ ಒದಗುತ್ತದೆ.

ಎಸ್‌ಡಬ್ಲ್ಯೂಆರ್ 1.5 ಬಂದರೆ ಕೆಲಸ ಮುಗಿಯಿತು. ಅಲ್ಲಿ ವಾಪಸ್ ಬರುವುದು ನೂರಕ್ಕೆ ನಾಲ್ಕು ಪಾಲು, 2 ಇದ್ದರೆ ಹನ್ನೊಂದು ಪಾಲು, 3 ಇದ್ದರೆ ಇಪ್ಪತ್ತೈದು. ಒಂದೂವರೆಯನ್ನು ಒಂದಕ್ಕೆ ಇಳಿಸಲು ವಾರಗಟ್ಟಲೆ ಏಣಿ ಹತ್ತಿ ಇಳಿಯುವವರಿದ್ದಾರೆ; ಆ ಶ್ರಮವನ್ನು ಎತ್ತರಕ್ಕೆ ಹಾಕಿದರೆ ಸಾರ್ಥಕ. ಡಮ್ಮಿ ಲೋಡ್ ಎಂಬ ಪರೀಕ್ಷಾ ರೆಸಿಸ್ಟರಿನ ಎಸ್‌ಡಬ್ಲ್ಯೂಆರ್ ಯಾವ ಬ್ಯಾಂಡಿನಲ್ಲೂ ಒಂದೇ. ಅದು ಪಕ್ಕದ ಬೀದಿಗೂ ಮಾತು ಮುಟ್ಟಿಸುವುದಿಲ್ಲ.

ಮೂವತ್ತು ನಲವತ್ತರ ಸೈಟಿನಲ್ಲಿ

ಇಪ್ಪತ್ತು ಮೀಟರ್ ವೈರ್ ಎಂದಾಗ ಬೆಂಗಳೂರು, ಮೈಸೂರಿನವರು ಕೈ ಚೆಲ್ಲುತ್ತಾರೆ. 30×40 ಅಡಿ ಸೈಟಿನ ಉದ್ದ 12 ಮೀಟರ್. ಆದರೆ ಅದರ ಕರ್ಣ 50 ಅಡಿ, ಅಂದರೆ 15 ಮೀಟರ್ ದಾಟುತ್ತದೆ. ತಾರಸಿಯ ನಡುವೆ, ಟ್ಯಾಂಕಿನ ಕಂಬಕ್ಕೋ ಮೆಟ್ಟಿಲ ಕೋಣೆಗೋ ಬಿಗಿದು ನಾಲ್ಕು ಮೀಟರಿನ ಗಳ ನಿಲ್ಲಿಸಿ. ಎರಡು ಎದುರು ಮೂಲೆಗಳಲ್ಲಿ ಎರಡೆರಡು ಮೀಟರಿನ ಗಳ. ನಡುವಿನಿಂದ ಮೂಲೆಗಳಿಗೆ ಇಳಿಜಾರಾಗಿ ಎಳೆದದ್ದೇ ಇನ್ವರ್ಟೆಡ್ ವಿ. ಕಾಲು ಮೂಲೆ ಮುಟ್ಟಿದ ಮೇಲೂ ಎರಡು ಮೀಟರಿನಷ್ಟು ವೈರ್ ಉಳಿಯುತ್ತದೆ. ಅದನ್ನು ಗೋಡೆಯ ಉದ್ದಕ್ಕೆ ಇನ್ನೊಂದು ಗಳದ ಕಡೆ ತಿರುಗಿಸಿ ಕಟ್ಟಿ. ವಿದ್ಯುತ್ ಪ್ರವಾಹ ಹೆಚ್ಚಿರುವುದು ನಡುವೆ, ಪ್ರಸಾರದ ಬಹುಪಾಲು ಅಲ್ಲಿಂದಲೇ. ತುದಿ ಬಾಗಿದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ವೋಲ್ಟೇಜು ತುದಿಯಲ್ಲೇ ಹೆಚ್ಚು: ಬಟ್ಟೆ ಒಣಗಿಸಲು ಬರುವವರ ಕೈಗೆ, ಮಕ್ಕಳ ಕೈಗೆ ನಿಲುಕದಷ್ಟು ಮೇಲಿರಲಿ. ಬಟ್ಟೆ ಒಣಹಾಕುವ ತಂತಿ ಅಲ್ಲ ಇದು ಎಂದು ಮನೆಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

"ಇಷ್ಟು ತಗ್ಗಿನಲ್ಲಿ ಹಾಕಿದರೆ ಕೆಲಸ ಮಾಡುತ್ತದೆಯೇ?" ಮಾಡುತ್ತದೆ, ಅದೂ ನಮ್ಮ ನಾಡಿಗೆ ಬೇಕಾದ ರೀತಿಯಲ್ಲೇ. 40 ಮೀಟರ್ ಡೈಪೋಲ್ ಎಂಟು ಹತ್ತು ಮೀಟರ್ ಎತ್ತರದಲ್ಲಿದ್ದರೆ ಶಕ್ತಿಯ ಹೆಚ್ಚು ಭಾಗ ನೆತ್ತಿಯ ಕಡೆಗೇ ಹೋಗುತ್ತದೆ. ಹಗಲು ಹೊತ್ತು ಅಯಾನುಗೋಲ ಅದನ್ನು ಹಿಂದಕ್ಕೆ ಚೆಲ್ಲುತ್ತದೆ, ಸುತ್ತ ಕೆಲವು ನೂರು ಕಿಲೋಮೀಟರ್ ತುಂಬುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ 300 ಕಿಲೋಮೀಟರ್, ಕಲಬುರಗಿಗೆ 500ರ ಒಳಗೆ. ನಡುವೆ ಪಶ್ಚಿಮಘಟ್ಟ ಇದ್ದರೇನು, ಮಾತು ಮೇಲಿನಿಂದ ಇಳಿಯುತ್ತದೆ. ಪ್ರವಾಹ, ಭೂಕುಸಿತದ ಹೊತ್ತಿನಲ್ಲಿ ಕೊಡಗು, ಮಲೆನಾಡಿನಂಥ ಕಡೆಗೆ ಹೊಂದುವುದು ಈ ತಗ್ಗಿನ ತಂತಿಯೇ. ರಾತ್ರಿಯಾದಂತೆ ಹತ್ತಿರದವರು ಮರೆಯಾಗಿ ದೂರದ ದೇಶಗಳು ಕೇಳತೊಡಗುತ್ತವೆ. ದೂರವೇ ಬೇಕೆಂದರೆ ಇದೇ ಡೈಪೋಲನ್ನು ಅರ್ಧ ತರಂಗದಷ್ಟು, ಅಂದರೆ 20 ಮೀಟರ್ ಎತ್ತರಿಸಬೇಕು. ಅಥವಾ 14, 21, 28 ಮೆಗಾಹರ್ಟ್ಸ್ ಬ್ಯಾಂಡಿಗೆ ಏರಬೇಕು, ಅಲ್ಲಿ ಹತ್ತು ಮೀಟರ್ ಎತ್ತರವೇ ಬೇಕಾದಷ್ಟಾಗುತ್ತದೆ. ಸೂರ್ಯನ 25ನೇ ಚಕ್ರ 2024ರ ಸುಮಾರಿಗೆ ತುದಿ ಮುಟ್ಟಿದ್ದರಿಂದ ಈ ಮೇಲಿನ ಬ್ಯಾಂಡುಗಳಿಗೆ ಈಚಿನ ವರ್ಷಗಳು ಸುಗ್ಗಿ.

ತೋಟ ಇರುವವರು ಪುಣ್ಯವಂತರು. ಎರಡು ತೆಂಗಿನ ಮರ ಸಾಕು. ಆದರೆ ಹಗ್ಗವನ್ನು ಮರಕ್ಕೆ ಬಿಗಿದುಬಿಡಬೇಡಿ. ಗಾಳಿಗೆ ಮರ ತೂಗಿದಾಗ ವೈರ್ ತುಂಡಾಗುತ್ತದೆ. ಮರದ ಮೇಲೆ ಸಣ್ಣ ರಾಟೆ ಕಟ್ಟಿಸಿ, ಹಗ್ಗದ ಕೆಳತುದಿಗೆ ಮರಳು ತುಂಬಿದ ಕ್ಯಾನು ತೂಗುಬಿಟ್ಟರೆ ಮರ ಎಷ್ಟು ಬೇಕಾದರೂ ತೂಗಲಿ. ಕಾಯಿ ಕೀಳಲು ಬರುವವರ ಕೈಯಲ್ಲೇ ರಾಟೆ ಏರಿಸಿದರಾಯಿತು, ನೀವು ಹತ್ತುವ ಸಾಹಸ ಬೇಡ. ಒಂದೇ ಮರ, ಒಂದೇ ಕಿಟಕಿ ಇರುವವರಿಗೆ ಎಂಡ್-ಫೆಡ್ ಎಂಬ ದಾರಿ ಇದೆ: 20 ಮೀಟರಿನ ಒಂದೇ ವೈರಿಗೆ ಒಂದು ತುದಿಯಿಂದ 49:1 ಟ್ರಾನ್ಸ್‌ಫಾರ್ಮರ್ ಮೂಲಕ ಶಕ್ತಿ ಕೊಡುವುದು. 40, 20, 15, 10 ಮೀಟರ್ ಬ್ಯಾಂಡುಗಳಲ್ಲಿ ಅದು ಓಡುತ್ತದೆ.

ಡೈಪೋಲ್ ಎರಡೂ ಕಡೆ ಸಮತೂಕದ ಆಂಟೆನಾ, ಕೋಆಕ್ಸ್ ಹಾಗಲ್ಲ. ನಡುವೆ 1:1 ಬ್ಯಾಲನ್ ಇಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾದಂತೆ ವರ್ತಿಸಲು ಶುರುಮಾಡುತ್ತದೆ. ಮಾತಾಡುವಾಗ ಮೈಕು ತುಟಿಗೆ ತಾಗಿ ಚುರ್ ಎಂದರೆ, ಕಂಪ್ಯೂಟರಿನ ಸ್ಪೀಕರು ನಿಮ್ಮದೇ ಮಾತನ್ನು ಗೊಗ್ಗರಾಗಿ ನುಡಿದರೆ ಕಾರಣ ಅದೇ. ಕೋಆಕ್ಸನ್ನು ಒಂದು ಫೆರೈಟ್ ಉಂಗುರಕ್ಕೆ ಹತ್ತು ಹನ್ನೆರಡು ಸುತ್ತು ಸುತ್ತಿದರೆ ಬಹುತೇಕ ಸರಿಹೋಗುತ್ತದೆ.

ಕೇಬಲಿನಲ್ಲಿ ಕಳೆದುಹೋಗುವುದು

ವಿಎಚ್‌ಎಫ್‌ನಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನ 2 ಮೀಟರ್ ಬ್ಯಾಂಡಿನಲ್ಲಿ, ಆಟದ ನಿಯಮ ಬೇರೆ. ಇಲ್ಲಿ ತರಂಗ ಬಹುಮಟ್ಟಿಗೆ ನೇರ ನೋಟದ ದೂರದಷ್ಟೇ ಹೋಗುತ್ತದೆ. ಆಂಟೆನಾದ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಹತ್ತು ಮೀಟರ್ ಎತ್ತರಕ್ಕೆ 13 ಕಿಲೋಮೀಟರ್. ನಂದಿಬೆಟ್ಟ ಬೆಂಗಳೂರಿನ ನೆಲಕ್ಕಿಂತ ಸುಮಾರು 550 ಮೀಟರ್ ಮೇಲಿದೆ. ಅಲ್ಲಿ ನಿಂತರೆ ನೂರು ಕಿಲೋಮೀಟರಿಗೆ ಹತ್ತಿರ. ರಿಪೀಟರುಗಳನ್ನು ಬೆಟ್ಟದ ಮೇಲೋ ಎತ್ತರದ ಕಟ್ಟಡದ ಮೇಲೋ ಇಡುವುದು ಇದಕ್ಕೇ. ಅವು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ 600 ಕಿಲೋಹರ್ಟ್ಸ್ ಆಚೆಗಿನ ಇನ್ನೊಂದರಲ್ಲಿ ಮರುಪ್ರಸಾರ ಮಾಡುತ್ತವೆ. ರಿಪೀಟರಿನಲ್ಲಿ ಸಿಕ್ಯೂ ಕೂಗುವುದು ರೂಢಿಯಲ್ಲ. ಕರೆ ಹೆಸರು ಹೇಳಿ "ಮಾನಿಟರಿಂಗ್" ಎಂದರೆ ಸಾಕು. ಒಬ್ಬರ ಮಾತು ಮುಗಿದ ಮೇಲೆ ಎರಡು ಸೆಕೆಂಡು ಬಿಟ್ಟು ಗುಂಡಿ ಒತ್ತಿ. ತುರ್ತು ಸಂದೇಶ ಇರುವವರಿಗೆ ನುಸುಳಲು ಸಂದು ಬೇಕು.

ಈ ಬ್ಯಾಂಡಿನ ಆಂಟೆನಾ ಅರ್ಧ ದಿನದ ಕೆಲಸ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುವ ಎಸ್‌ಓ-239 ಎಂಬ ಚೌಕದ ಸಾಕೆಟ್ ಒಂದು, ಗ್ಯಾಸ್ ವೆಲ್ಡಿಂಗಿನವರು ಬಳಸುವ ಹಿತ್ತಾಳೆ ಬಣ್ಣದ ಬ್ರೇಜಿಂಗ್ ಕಡ್ಡಿ ಐದು. ಒಂದು ಕಡ್ಡಿಯನ್ನು ಸಾಕೆಟ್ಟಿನ ನಡುಪಿನ್ನಿಗೆ ನೆಟ್ಟಗೆ ಬೆಸೆಯಿರಿ. ಉಳಿದ ನಾಲ್ಕನ್ನು ನಾಲ್ಕು ಮೂಲೆಯ ತೂತುಗಳಿಗೆ ಸ್ಕ್ರೂ ಹಾಕಿ ಬಿಗಿದು 45 ಡಿಗ್ರಿ ಕೆಳಕ್ಕೆ ಬಾಗಿಸಿ. ನಡುಕಡ್ಡಿ ಕೊನೆಗೆ 49 ಸೆಂಟಿಮೀಟರ್ ಹತ್ತಿರ ನಿಲ್ಲುತ್ತದೆ. 51ರಿಂದ ಶುರುಮಾಡಿ ಅಷ್ಟಷ್ಟೇ ಉಜ್ಜಿ. ಕೆಳಗಿನವು 52 ಇರಲಿ. ಕೆಳಗಡ್ಡಿಗಳು ಅಡ್ಡಡ್ಡ ಇದ್ದರೆ ಆಂಟೆನಾದ ಇಂಪಿಡೆನ್ಸ್ 36 ಓಮ್ ಆಸುಪಾಸು. ಬಾಗಿಸಿದಾಗ ಅದು ರಿಗ್‌ಗೂ ಕೇಬಲಿಗೂ ಒಪ್ಪುವ 50ರ ಕಡೆ ಬರುತ್ತದೆ. ಬಾಗು ಅಲಂಕಾರಕ್ಕಲ್ಲ. ಆಂಟೆನಾ ಲಂಬವಾಗಿಯೇ ನಿಲ್ಲಲಿ, ಎಫ್‌ಎಂನಲ್ಲಿ ಎಲ್ಲರದೂ ಹಾಗೇ. ಅಡ್ಡ ಮಲಗಿಸಿದರೆ ಸಿಗ್ನಲ್ ನೂರನೇ ಒಂದು ಪಾಲಿಗೆ ಇಳಿದರೂ ಇಳಿಯಿತು.

ಇಷ್ಟು ಮಾಡಿ ತೆಳ್ಳನೆಯ ಆರ್‌ಜಿ-58 ಕೇಬಲ್ ಮೂವತ್ತು ಮೀಟರ್ ಇಳಿಬಿಟ್ಟರೆ ಎಲ್ಲ ನೀರಿಗೆ. 145 ಮೆಗಾಹರ್ಟ್ಸ್‌ನಲ್ಲಿ ಆ ಉದ್ದಕ್ಕೆ ಸುಮಾರು 6 ಡೆಸಿಬೆಲ್ ನಷ್ಟ: ಹಾಕಿದ 5 ವಾಟ್‌ನಲ್ಲಿ ಆಂಟೆನಾ ಕಾಣುವುದು ಒಂದೂಕಾಲು ವಾಟ್. ದಪ್ಪದ ಆರ್‌ಜಿ-213 ಹಾಕಿದರೆ ಅರ್ಧದಷ್ಟಾದರೂ ತಲುಪುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಇದೇ ತೆಳ್ಳನೆಯ ಕೇಬಲ್ ಚೆನ್ನಾಗಿಯೇ ನಡೆಯುತ್ತದೆ. ಕೇಬಲ್ ಟಿವಿಯವರು ಬಿಟ್ಟುಹೋದ 75 ಓಮ್‌ನ ಆರ್‌ಜಿ-6 ಕೂಡ ಡೈಪೋಲ್‌ಗೆ ನಡೆಯುತ್ತದೆ. ಬೆಸುಗೆಗೆ ಒಗ್ಗದ ಅದರ ಅಲ್ಯೂಮಿನಿಯಂ ಜಾಲರಿಯೇ ತಲೆನೋವು.

ಬಾಹ್ಯಾಕಾಶದ ಸಿಗ್ನಲ್ ಕೇಳಲೂ ಇದೇ ಕಡ್ಡಿಗಳ ಆಂಟೆನಾ ಸಾಕು. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಧ್ವನಿ 145.800 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಒಂದು ಸಲ ಹಾದುಹೋಗುವಾಗ ಹತ್ತು ನಿಮಿಷದಷ್ಟು ಹೊತ್ತು. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜತೆ ಮಾತಾಡಿದ್ದು ಹ್ಯಾಮ್ ರೇಡಿಯೊ ಮೂಲಕವೇ. ಇಸ್ರೊ 2005ರ ಮೇ 5ರಂದು ಹ್ಯಾಮ್‌ಗಳಿಗೆಂದೇ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತ್ತು. 2014ರವರೆಗೆ ಅದು ಕೆಲಸ ಮಾಡಿತು.

ಗದ್ದಲ, ಮಳೆ, ಸಿಡಿಲು

ಆಂಟೆನಾ ಚೆನ್ನಾಗಿದ್ದೂ ಎಸ್-ಮೀಟರು ಸದಾ ಏಳರ ಮೇಲೆ ಕೂತು ಬುಸುಗುಟ್ಟುತ್ತಿದ್ದರೆ ಕಳ್ಳ ಮನೆಯೊಳಗೇ ಇರಬಹುದು. ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ಸನ್ನೂ ಮರೆಯದೆ ಆರಿಸಿ. ಗದ್ದಲ ಇಳಿಯಿತೇ? ಹಾಗಿದ್ದರೆ ಒಂದೊಂದಾಗಿ ಹಾಕುತ್ತ ಬನ್ನಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೋಲಾರ್ ಇನ್ವರ್ಟರು ಸಾಮಾನ್ಯವಾಗಿ ಸಿಕ್ಕಿಬೀಳುವ ಆರೋಪಿಗಳು. ಪಕ್ಕದ ಮನೆಯದಾದರೆ ನಯವಾಗಿ ಕೇಳಿ. ನಿಮ್ಮ ತಂತಿಗಳನ್ನು ದಿನಾ ನೋಡುವವರು ಅವರೇ.

ನಮ್ಮ ಮಳೆಗೆ ಮೊದಲ ಬಲಿ ಕೋಆಕ್ಸ್. ಜೋಡಣೆಯ ಸಂದಿನಲ್ಲಿ ನೀರು ಇಳಿದರೆ ಜಾಲರಿ ಹಸಿರುಗಟ್ಟಿ ಒಂದೇ ಮುಂಗಾರಿನಲ್ಲಿ ಕೇಬಲ್ ಹಾಳು. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಸಿಗುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೆ ಮಾಮೂಲು ಪಿವಿಸಿ ಟೇಪು ಹಾಕಿ. ಮನೆಯೊಳಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಎರಡು ಕಡೆ ರಾಜಿ ಇಲ್ಲ. ಗಳ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ಲೈನಿಗೆ ತಾಗಬಾರದು. ತಾಗುವಂತಿದ್ದರೆ ಆ ಜಾಗ ಆಂಟೆನಾಕ್ಕಲ್ಲ. ಸಿಡಿಲಿಗೆ ನೇರ ಗುರಿಯಾದ ತಂತಿಯನ್ನು ಯಾವ ಅರೆಸ್ಟರೂ ಪೂರ್ತಿ ಕಾಪಾಡಲಾರದು. ಬಳಸದಿದ್ದಾಗ ಕೋಆಕ್ಸ್ ಕಳಚಿ ಕಿಟಕಿಯ ಹೊರಗಿಟ್ಟು ಭೂಸಂಪರ್ಕಕ್ಕೆ ಕೊಡಿ, ಗಳಕ್ಕೂ ಪ್ರತ್ಯೇಕ ಅರ್ಥಿಂಗ್ ಇರಲಿ. ದೂರದಲ್ಲಿ ಗುಡುಗು ಕೇಳಿದ ಮೇಲೆ ಕಳಚಲು ಹೋಗುವುದು ತಡವಾಯಿತು ಎಂದೇ ಲೆಕ್ಕ. ಮುಂಗಾರು ಪೂರ್ವದ ತಿಂಗಳುಗಳಲ್ಲಿ ಮಧ್ಯಾಹ್ನವೇ ಕಳಚಿಡುವುದು ಕ್ಷೇಮ.

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನಂಥ ಸಂಸ್ಥೆಗಳಲ್ಲಿ ಪರೀಕ್ಷೆಯ ತಯಾರಿಗೂ ತಂತಿ ಕಟ್ಟಲೂ ದಾರಿ ತೋರಿಸುವ ಹಿರಿಯರಿದ್ದಾರೆ. ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲ ಸಿಕ್ಯೂಗೆ ಯಾರೂ ಓಗೊಡದಿದ್ದರೆ ದೊಡ್ಡ ರಿಗ್ ಕೊಳ್ಳಲು ಹೊರಡಬೇಡಿ. ತಾರಸಿಗೆ ಹೋಗಿ ನಡುವಿನ ಗಳವನ್ನು ಇನ್ನೆರಡು ಮೀಟರ್ ಎತ್ತರಿಸಿ, ಬೆಳಿಗ್ಗೆ ಮತ್ತೆ ಕರೆದು ನೋಡಿ.